ಬಚ್ಚಲ ನೀರಿಗೆ ಒಂದು ಗುಂಟೆ ಸುಬಾಬುಲ್

ನಮ್ಮ ಕಲಬುರಗಿ ಕಡೆ ಹಳ್ಳಿಗಳಲ್ಲಿ ಬಚ್ಚಲ ನೀರು ಇನ್ನೂ ಓಣಿಗೇ ಹರಿಯುತ್ತದೆ. ಮೇ ತಿಂಗಳಲ್ಲಿ ಬಾವಿ ತಳ ಕಂಡರೂ ಮನೆ ಮುಂದಿನ ಮೋರಿ ಒಣಗುವುದಿಲ್ಲ. ಆ ನೀರನ್ನು ಸುಬಾಬುಲ್‌ನಂಥ ಬೇಗ ಬೆಳೆಯುವ ಮರಗಳಿಗೆ ಕುಡಿಸಿ. ಮೋರಿಯೂ ಒಣಗುತ್ತದೆ, ಒಲೆಗೆ ಕಟ್ಟಿಗೆಯೂ ಸಿಗುತ್ತದೆ.

ಹಿತ್ತಲಲ್ಲಿ ಒಂದು ಗುಂಟೆ, ಅಂದರೆ ಸುಮಾರು 100 ಚದರ ಮೀಟರ್ ಜಾಗ ಇದ್ದರೆ ಸಾಕು. ನಮ್ಮ ಬಿಸಿಲಿಗೆ ಮರ, ನೆಲ ಎರಡೂ ಸೇರಿ ದಿನಕ್ಕೆ 5 ಮಿಲಿಮೀಟರ್ ನೀರು ಆವಿ ಮಾಡುತ್ತವೆ ಅಂತ ಹಿಡಿಯಿರಿ. ಅಂದರೆ ಚದರ ಮೀಟರಿಗೆ 5 ಲೀಟರ್, ಅಲ್ಲಿಗೆ 500 ಲೀಟರ್ ಆಯಿತು. ಐದಾರು ಜನರ ಮನೆಯ ಸ್ನಾನ, ಬಟ್ಟೆ, ಪಾತ್ರೆ ನೀರು ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಶೌಚಾಲಯದ ನೀರು ಮಾತ್ರ ಇದಕ್ಕೆ ಬಿಡಬೇಡಿ. ಕಾರ್ಖಾನೆ ನೀರಂತೂ ಬೇಡವೇ ಬೇಡ.

ಸ್ವೀಡನ್‌ನಲ್ಲಿ ಊರಿನ ಕೊಳಚೆ ನೀರಿಗೆ ವಿಲೋ ಬೆಳೆಸಿ ಅದರ ಕಟ್ಟಿಗೆಯಿಂದ ಶಾಖ, ಕರೆಂಟು ತೆಗೆಯುತ್ತಾರೆ. ವಿಲೋ ಚಳಿ ನಾಡಿನ ಮರ, ನಮ್ಮಲ್ಲಿ ಅದರ ಆಸೆ ಬಿಡಿ. ನೀಲಗಿರಿಯೂ ಬೇಡ, ಅದನ್ನು ಹೊಸದಾಗಿ ನೆಡುವುದನ್ನು ನಮ್ಮ ಸರ್ಕಾರ 2017ರಲ್ಲಿ ನಿಷೇಧಿಸಿತು. ಎರೆ ಭೂಮಿಗೆ ನಾನು ಹೇಳುವುದು ಸುಬಾಬುಲ್. ಬೀಜದ ಸಿಪ್ಪೆ ಗಟ್ಟಿ, ಸುಮ್ನೆ ಊರಿದರೆ ಬೇಗ ಮೊಳೆಯುವುದಿಲ್ಲ. 80 ಡಿಗ್ರಿ ಬಿಸಿನೀರಲ್ಲಿ ಮೂರು ನಿಮಿಷ ಇಟ್ಟು, ಆಮೇಲೆ ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ.

ಇನ್ನು ಬದು ಹಾಕುವುದು. ಹರಿಯಾಣದ ಕರ್ನಾಲ್‌ನಲ್ಲಿ ಸವಳು ಮಣ್ಣಿನ ಮೇಲೆ ಕೆಲಸ ಮಾಡುವ ಕೇಂದ್ರ ಸಂಶೋಧನಾ ಸಂಸ್ಥೆಯವರು ರೂಪಿಸಿದ ಪದ್ಧತಿ ಇದು. 1 ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಬದು ಹಾಕಿ ಅದರ ಮೇಲೆ ಸಸಿ ನೆಡಬೇಕು, ನಡುವಿನ ಕಾಲುವೆಗೆ ನೀರು ಬಿಡಬೇಕು. ಬಿಟ್ಟ ನೀರು 12ರಿಂದ 18 ಗಂಟೆಯೊಳಗೆ ಪೂರ್ತಿ ಇಂಗಬೇಕು. ಇದೊಂದು ಮಾತು ಮರೆಯಬೇಡಿ. ನಾನು ಮೊದಲ ವರ್ಷ ಕಾಲುವೆಗೆ ಇಳಿಜಾರು ಕೊಡಲಿಲ್ಲ. ಸೋಪಿನ ಬೂದು ನೀರು ಒಂದೇ ಕಡೆ ನಿಂತು ಮೂರನೇ ದಿನಕ್ಕೆ ನಾರತೊಡಗಿತು, ಆ ತುದಿಯ ಎಂಟು ಸಸಿ ಬೇರು ಕೊಳೆತು ಸತ್ತವು, ಪಕ್ಕದ ಮನೆಯ ಮಕ್ಕಳಿಗೆ ಸೊಳ್ಳೆ ಕಾಟ ಆಯಿತಲ್ಲ ಅನ್ನುವುದೇ ನನಗೆ ಜಾಸ್ತಿ ಬೇಜಾರಾಗಿದ್ದು. ಹತ್ತು ಮೀಟರ್ ಉದ್ದಕ್ಕೆ ಎರಡು ಇಂಚು ಇಳಿಜಾರು ಕೊಡಿ. ಕಾಲುವೆಗಳನ್ನು ಎರಡು ಪಾಲು ಮಾಡಿ, ಇವತ್ತು ಒಂದಕ್ಕೆ, ನಾಳೆ ಇನ್ನೊಂದಕ್ಕೆ ನೀರು ತಿರುಗಿಸಿ. ಬಚ್ಚಲಿಂದ ಬರುವ ದಾರಿಯಲ್ಲಿ ಜಲ್ಲಿ ತುಂಬಿದ ಸಣ್ಣ ಗುಂಡಿ ಇರಲಿ, ಜಿಡ್ಡು, ಕೂದಲು ಅಲ್ಲೇ ನಿಲ್ಲುತ್ತವೆ.

ಎರೆ ಮಣ್ಣಿಗೆ ಬೇಸಿಗೆಯಲ್ಲಿ ಕುಡುಗೋಲಿನ ಹಿಡಿ ಇಳಿಯುವಷ್ಟು ಬಿರುಕು ಬರುತ್ತದೆ. ನೀರು ಅದರಲ್ಲಿ ಸೀದಾ ಕೆಳಗೆ ಹೋದರೆ ಬೇರಿಗೂ ಸಿಗುವುದಿಲ್ಲ, ಶುದ್ಧವೂ ಆಗುವುದಿಲ್ಲ. ಕೊಳೆ ತಿನ್ನುವುದು ಬೇರಿನ ಸುತ್ತ ಇರುವ ಸೂಕ್ಷ್ಮಜೀವಿಗಳು, ಅವಕ್ಕೆ ಸಮಯ ಬೇಕು. ಹಾಗಾಗಿ ಕಾಲುವೆಗೆ ತೊಗರಿ ಹೊಟ್ಟು ಹರಡಿ, ಬಿರುಕು ಬಿಡದಂತೆ ತೇವ ಕಾಪಾಡಿ. ಬೀದರ್‌ನ ಜಂಬಿಟ್ಟಿಗೆ ನೆಲದಲ್ಲಿ ಬಿರುಕಿಲ್ಲದಿದ್ದರೂ ನೀರು ಸರ್ರನೆ ಇಳಿಯುತ್ತದೆ, ಅಲ್ಲಿ ಬಾವಿ, ಬೋರ್‌ವೆಲ್ ಹತ್ತಿರ ಇದನ್ನು ಮಾಡಬೇಡಿ. ಸೋಪಿನ ಸೋಡಿಯಂ ಸೇರಿ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಧಾನವಾದರೆ ಜಿಪ್ಸಂ ಹಾಕಿ. ಮಳೆಗಾಲದಲ್ಲಿ ಮರಕ್ಕೆ ಈ ನೀರು ಬೇಡ, ಇಂಗುಗುಂಡಿಗೆ ತಿರುಗಿಸಿ.

ಮೂರನೇ ವರ್ಷ, ತೊಗರಿ ರಾಶಿ ಮುಗಿದ ಮೇಲೆ ಮೊಣಕಾಲೆತ್ತರಕ್ಕೆ ಕಡಿಯಿರಿ. ಬುಡದಿಂದ ಮತ್ತೆ ಚಿಗುರು ಬರುತ್ತದೆ, ಗಟ್ಟಿಯಾದ ಎರಡು ಮೂರು ಉಳಿಸಿ ಮಿಕ್ಕಿದ್ದು ಕೀಳಿ. ಕಾಯಿ ಒಣಗಿ ಸಿಡಿಯಲು ಬಿಡಬೇಡಿ, ಬೀಜ ಬಿದ್ದರೆ ಪಕ್ಕದ ಹೊಲಕ್ಕೂ ಹಬ್ಬುತ್ತದೆ. ಸೊಪ್ಪನ್ನು ಆಡುಗಳಿಗೆ ಹಾಕಬಹುದು, ಆದರೆ ಒಟ್ಟು ಮೇವಿನ ಮೂರರಲ್ಲಿ ಒಂದು ಪಾಲು ಮೀರಬಾರದು. ಅದರಲ್ಲಿರುವ ಮಿಮೋಸಿನ್ ಅನ್ನುವ ವಿಷದಂಶ ಜಾಸ್ತಿಯಾದರೆ ಆಡಿನ ಕೂದಲು ಉದುರುತ್ತದೆ. ಹಸಿ ಕಟ್ಟಿಗೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಹಾಗೇ ಉರಿಸಿದರೆ ಹೊಗೆ ಕಣ್ಣಿಗೆ ಬರುತ್ತದೆ, ರೊಟ್ಟಿ ಬೇಯುವುದಿಲ್ಲ. ಸೀಳಿ, ಬೇಸಿಗೆ ಪೂರ್ತಿ ಬಿಸಿಲಲ್ಲಿ ಒಣಗಿಸಿ. ಎರಡು ತುಂಡು ಒಂದಕ್ಕೊಂದು ತಟ್ಟಿದಾಗ ಟಣ್ ಅಂದರೆ ಒಲೆಗೆ ಹಾಕಿ.