ಮನೆಮಾತು ಕನ್ನಡ ಎಂದು ಬರೆದ ಮೇಲೆ: ಕ್ಯಾಲಿಫೋರ್ನಿಯಾ ಶಾಲೆಗಳ ಎಲ್‌ಪ್ಯಾಕ್ ಪರೀಕ್ಷೆ

ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸುವಾಗ ಲಸಿಕೆಯ ಪಟ್ಟಿ, ಮನೆ ವಿಳಾಸದ ಪುರಾವೆಗಳ ನಡುವೆ ಒಂದು ಪುಟ್ಟ ಫಾರ್ಮ್ ಇರುತ್ತದೆ. ಅದರ ಹೆಸರು ಹೋಮ್ ಲ್ಯಾಂಗ್ವೇಜ್ ಸರ್ವೇ. ನಾಲ್ಕೇ ಪ್ರಶ್ನೆ. ಮಗು ಮಾತು ಕಲಿಯಲು ಶುರುಮಾಡಿದ್ದು ಯಾವ ಭಾಷೆಯಲ್ಲಿ? ಈಗ ಮನೆಯಲ್ಲಿ ಅದು ಹೆಚ್ಚಾಗಿ ಆಡುವ ಭಾಷೆ ಯಾವುದು? ನೀವು ಅದರ ಜೊತೆ ಹೆಚ್ಚಾಗಿ ಆಡುವ ಭಾಷೆ ಯಾವುದು? ಮನೆಯ ದೊಡ್ಡವರು ಹೆಚ್ಚಾಗಿ ಆಡುವುದು ಯಾವುದು? ಅರ್ಧ ನಿಮಿಷದಲ್ಲಿ ತುಂಬಿ ಎಲ್ಲರೂ ಮರೆಯುತ್ತಾರೆ. ಆಮೇಲೆ ಶಾಲೆಯಿಂದ ಇಂಗ್ಲಿಷ್ ಪರೀಕ್ಷೆಯ ಪತ್ರ ಬಂದಾಗ, "ಬೆಂಗಳೂರಲ್ಲಿ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಇವನಿಗೆಂಥ ಇಂಗ್ಲಿಷ್ ಟೆಸ್ಟು?" ಎಂಬ ಸಿಟ್ಟು. ಇಲ್ಲೇ ಹುಟ್ಟಿದ ಮಗುವಾದರೆ ಸಿಟ್ಟು ಇನ್ನೂ ಜಾಸ್ತಿ.

ಮೊದಲ ಮೂರು ಪ್ರಶ್ನೆಗಳಲ್ಲಿ ಯಾವುದಕ್ಕಾದರೂ ಇಂಗ್ಲಿಷ್ ಅಲ್ಲದ ಭಾಷೆ ಬರೆದರೆ ಪರೀಕ್ಷೆ ನಡೆದೇ ನಡೆಯುತ್ತದೆ. ನಾಲ್ಕನೆಯದಕ್ಕೆ ಮಾತ್ರ ಕನ್ನಡ ಬಂದರೆ ನಿರ್ಧಾರ ಶಾಲೆಯದು. ಅಜ್ಜ ಅಜ್ಜಿ ಆರು ತಿಂಗಳಿಗೆಂದು ಬಂದಿದ್ದಾರೆ ಎನ್ನುವುದು ಈ ನಾಲ್ಕನೆಯದರಲ್ಲಿ ಬರಬೇಕಾದ ಸಂಗತಿ, ಎರಡನೆಯದರಲ್ಲಿ ಅಲ್ಲ.

"ಎಲ್ಲದಕ್ಕೂ ಇಂಗ್ಲಿಷ್ ಅಂತ ಬರೆದುಬಿಡಿ" ಎಂಬ ವಾಟ್ಸಾಪ್ ಸಲಹೆ ಬೇ ಏರಿಯಾದಲ್ಲಿ ವರ್ಷ ವರ್ಷವೂ ಓಡಾಡುತ್ತದೆ. ಅದು ಸುಳ್ಳು ಹೇಳಿಕೆಯ ಮಾತಾಯಿತು. ಮಗುವಿಗೆ ನಿಜಕ್ಕೂ ಸಹಾಯ ಬೇಕಿದ್ದರೆ ಅದೂ ತಪ್ಪಿಹೋಗುತ್ತದೆ. ಇದರ ಉಲ್ಟಾ ತಪ್ಪೂ ಉಂಟು. ಮಗು ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಆಡದಿದ್ದರೂ ಅಭಿಮಾನಕ್ಕೆ ಎಲ್ಲ ಗೆರೆಯ ಮೇಲೂ 'ಕನ್ನಡ' ಎಂದು ಬರೆಯುವವರಿದ್ದಾರೆ. ಫಾರ್ಮ್ ಕೇಳುತ್ತಿರುವುದು ಮಾತೃಭಾಷೆ ಯಾವುದೆಂದಲ್ಲ, ಬಾಯಲ್ಲಿ ಬರುವ ಭಾಷೆ ಯಾವುದೆಂದು. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ತಪ್ಪಾಗಿದ್ದರೆ ಪರೀಕ್ಷೆಗೆ ಮುಂಚೆ ಶಾಲೆಗೆ ಹೋಗಿ ತಿದ್ದಿಸಿ. ಪರೀಕ್ಷೆ ಮುಗಿದ ಮೇಲೆ ಫಾರ್ಮ್ ತಿದ್ದಿದರೂ ಮಗುವಿನ ವರ್ಗ ಬದಲಾಗುವುದಿಲ್ಲ.

ಇಷ್ಟೆಲ್ಲ ಏರ್ಪಾಡು ಯಾಕೆ ಎನ್ನುವುದಕ್ಕೆ ಮೂಲ ಇದೇ ಸೀಮೆಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಭಾಷಿಕ ಮಕ್ಕಳ ಪರವಾಗಿ ನಡೆದ ಲಾವ್ ವರ್ಸಸ್ ನಿಕೊಲ್ಸ್ ಮೊಕದ್ದಮೆಯಲ್ಲಿ 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಅರ್ಥವಾಗದ ಭಾಷೆಯಲ್ಲಿ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ ಕೊಟ್ಟರೆ ಅದು ಸಮಾನತೆ ಆಗುವುದಿಲ್ಲ. ಅಂದಿನಿಂದ ಇಂಗ್ಲಿಷ್ ಬಾರದ ಮಕ್ಕಳನ್ನು ಗುರುತಿಸಿ ನೆರವಾಗುವುದು ಶಾಲೆಗಳ ಹೊಣೆ.

ಮೊದಲ ಪರೀಕ್ಷೆ

ಇದಕ್ಕೆ ಇನಿಷಿಯಲ್ ಎಲ್‌ಪ್ಯಾಕ್ ಎಂದು ಹೆಸರು. ಎಲ್‌ಪ್ಯಾಕ್ ಎಂದರೆ ಇಂಗ್ಲಿಷ್ ಲ್ಯಾಂಗ್ವೇಜ್ ಪ್ರೊಫಿಷಿಯನ್ಸಿ ಅಸೆಸ್ಮೆಂಟ್ಸ್ ಫಾರ್ ಕ್ಯಾಲಿಫೋರ್ನಿಯಾ. ಹಿಂದಿದ್ದ ಸೆಲ್ಟ್ ಪರೀಕ್ಷೆಯ ಜಾಗಕ್ಕೆ 2018ರಲ್ಲಿ ಬಂತು. ಮಗು ಸೇರಿದ 30 ದಿನದೊಳಗೆ, ರಜೆಯ ದಿನಗಳನ್ನೂ ಲೆಕ್ಕ ಹಿಡಿದು, ಇದು ಮುಗಿದಿರಬೇಕು. ಜೀವನದಲ್ಲಿ ಒಂದೇ ಸಲ. ರಾಜ್ಯದೊಳಗೆ ಒಂದು ಶಾಲಾ ಜಿಲ್ಲೆಯಿಂದ ಇನ್ನೊಂದಕ್ಕೆ ಮನೆ ಬದಲಾಯಿಸಿದರೆ ಮತ್ತೆ ಕೂರಿಸುವುದಿಲ್ಲ. ಕಿಂಡರ್‌ಗಾರ್ಟನ್‌ಗೂ ಮುಂಚಿನ ಟಿಕೆ ಮಕ್ಕಳಿಗೆ 2024ರ ಕಾನೂನಿನಿಂದ ವಿನಾಯಿತಿ ಸಿಕ್ಕಿದೆ.

ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂದು ನಾಲ್ಕು ಭಾಗ. ಅಂಕ 150ರಿಂದ 600ರವರೆಗೆ. 450 ಅಥವಾ ಹೆಚ್ಚು ಬಂದರೆ ಐಫೆಪ್, ಅಂದರೆ ಇಂಗ್ಲಿಷ್ ಮೊದಲಿಂದಲೂ ಸಲೀಸು. ವಿಷಯ ಅಲ್ಲಿಗೆ ಮುಗಿಯಿತು. 370ರಿಂದ 449 ಇದ್ದರೆ ಇಂಟರ್‌ಮೀಡಿಯಟ್, ಅದಕ್ಕೂ ಕೆಳಗಿದ್ದರೆ ನಾವಿಸ್. ಈ ಎರಡರಲ್ಲಿ ಯಾವುದೇ ಆದರೂ ಮಗು 'ಇಂಗ್ಲಿಷ್ ಲರ್ನರ್', ಶಾಲೆಯವರ ಬಾಯಲ್ಲಿ ಇಎಲ್.

ಕಿಂಡರ್‌ಗಾರ್ಟನ್‌ನಲ್ಲಿ ಒಟ್ಟು ಅಂಕದ 90 ಪಾಲು ಕೇಳುವುದಕ್ಕೂ ಮಾತಾಡುವುದಕ್ಕೂ ಹೋಗುತ್ತದೆ, ಓದು ಬರಹಕ್ಕೆ ಬರೀ 10. ಒಂದನೇ ತರಗತಿಯಲ್ಲಿ 70–30, ಎರಡರಿಂದ ಮುಂದೆ 50–50. ಹಾಗಾಗಿ ಐದು ವರ್ಷದ ಮಗು ಎ ಟು ಝಡ್ ಬರೆದು ಪುಸ್ತಕ ಓದಿದರೂ, ಗುರುತಿಲ್ಲದ ಪರೀಕ್ಷಕಿಯ ಮುಂದೆ ಬಾಯಿ ಬಿಡದೆ ಕೂತರೆ ಇಎಲ್ ಆಗುತ್ತದೆ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳಲ್ಲಿ ಬಹಳ ಜನ ಸಿಕ್ಕಿಬೀಳುವುದು ಇಲ್ಲಿ. ಪರೀಕ್ಷಕರಿಗೆ ಬರೆದುಕೊಟ್ಟ ಮಾತಿನಾಚೆ ಪುಸಲಾಯಿಸುವ ಹಾಗಿಲ್ಲ. ತಲೆ ಆಡಿಸಿದರೆ, ಬೆರಳು ತೋರಿಸಿದರೆ ಮಾತಿನ ಭಾಗದಲ್ಲಿ ಅಂಕವಿಲ್ಲ. ಹಿಂದಿನ ದಿನ ಮಗುವಿಗೆ ಹೇಳಿಡಬೇಕಾದದ್ದು ಒಂದೇ: "ಮಿಸ್ ಏನಾದ್ರೂ ಕೇಳಿದ್ರೆ ಜೋರಾಗಿ, ಪೂರ್ತಿ ಹೇಳು."

ಪದ, ವ್ಯಾಕರಣ ಅಳೆಯುವ ಬಗೆ

ನಾವು ಕಲಿತ ಹಾಗೆ ಬಿಟ್ಟ ಸ್ಥಳ ತುಂಬಿ, ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡಿ ಎಂಬ ಪ್ರಶ್ನೆ ಇಲ್ಲಿಲ್ಲ. ಊರಿಂದ ವ್ಯಾಕರಣದ ಪುಸ್ತಕ ತರಿಸಿ ಉರು ಹೊಡೆಸಿದವರಿಗೆ ಹೆಚ್ಚು ಲಾಭವಾಗದಿರುವುದು ಇದಕ್ಕೇ. ತರಗತಿಯಲ್ಲಿ ನಡೆಯುವ ಮಾತು ಬರಹದೊಳಗೇ ಪದವನ್ನೂ ವ್ಯಾಕರಣವನ್ನೂ ತೂಗುತ್ತಾರೆ.

ಮಾತಿನ ಭಾಗ ಒಂದು ಚಿತ್ರದಿಂದ ಶುರುವಾಗುತ್ತದೆ. ಆಟದ ಮೈದಾನ ಎಂದುಕೊಳ್ಳಿ. ಮೊದಲ ಪ್ರಶ್ನೆಗಳು ಒಂದೆರಡು ಪದದಲ್ಲಿ ಮುಗಿಯುವಂಥವು, ಆಮೇಲಿನವು ವಿವರಣೆ ಬೇಡುತ್ತವೆ. ಹುಡುಗಿ ಏನು ಮಾಡುತ್ತಿದ್ದಾಳೆ ಎಂದರೆ "ಬಾಲ್" ಎನ್ನುವ ಮಗುವಿಗೂ "ಶಿ ಈಸ್ ಕಿಕಿಂಗ್ ದ ಬಾಲ್ ಟು ಹರ್ ಫ್ರೆಂಡ್" ಎನ್ನುವ ಮಗುವಿಗೂ ಗೊತ್ತಿರುವ ಇಂಗ್ಲಿಷ್ ಒಂದೇ ಇರಬಹುದು, ಅಂಕ ಬೇರೆ. ಉಚ್ಚಾರ ನಮ್ಮ ಧಾಟಿಯಲ್ಲಿದ್ದರೆ ತೊಂದರೆಯಿಲ್ಲ. ಅರ್ಥ ಕೆಡುವಷ್ಟಾದರೆ ಮಾತ್ರ ಅಂಕ ಇಳಿಯುತ್ತದೆ.

ಎರಡನೇ ತರಗತಿಯಿಂದ ಮೇಲೆ ಬರುವ ಇನ್ನೊಂದು ಬಗೆಯ ಹೆಸರು ಸ್ಪೀಚ್ ಫಂಕ್ಷನ್ಸ್. ಸನ್ನಿವೇಶ ಕೊಟ್ಟು "ಆಗ ಏನಂತೀಯ?" ಎಂದು ಕೇಳುತ್ತಾರೆ. ನಿನ್ನ ಪೆನ್ಸಿಲ್ ಮುರಿದಿದೆ, ಪಕ್ಕದವನ ಹತ್ತಿರ ಇನ್ನೊಂದಿದೆ ಎನ್ನುವಂಥದ್ದು. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿ ಇರುತ್ತದೆ: ಕೊಡು, ಕೊಡಿ, ಕೊಡ್ತೀರಾ. ಅದನ್ನೇ ಇಂಗ್ಲಿಷಿಗೆ ತಂದಾಗ ಬಾಲ ಉದುರಿ "ಗಿವ್ ಮಿ ಪೆನ್ಸಿಲ್" ಉಳಿಯುತ್ತದೆ. ಅಮೆರಿಕದ ಟೀಚರ್ ಕಿವಿಗೆ ಅದು ಅಪ್ಪಣೆ. "ಕ್ಯಾನ್ ಐ ಬಾರೋ ಯುವರ್ ಪೆನ್ಸಿಲ್? ಮೈನ್ ಬ್ರೋಕ್" ಎಂದು ಕಾರಣವನ್ನೂ ಸೇರಿಸಿ ಕೇಳುವುದು ಮನೆಯಲ್ಲಿ ವಾರವೊಂದು ಆಡಿಸಿದರೆ ಬರುತ್ತದೆ.

ಐದನೇ ತರಗತಿಯವರೆಗೆ ಚಿತ್ರಗಳ ಜೊತೆ ಕಥೆ ಕೇಳಿಸಿ ತಿರುಗಿ ಹೇಳಿಸುತ್ತಾರೆ. ನಾವು ಕಥೆ ಹೇಳುವುದು 'ಹೋಗಿ, ನೋಡಿ, ತಗೊಂಡು, ಬಂದ' ಎಂದು ಪೋಣಿಸಿ. ಮಗುವಿನ ಇಂಗ್ಲಿಷಿನಲ್ಲಿ ಅದು "ಹಿ ವೆಂಟ್ ಆಂಡ್ ಸಾ ಆಂಡ್ ಟುಕ್ ಆಂಡ್ ಕೇಮ್" ಆಗುತ್ತದೆ. ತಪ್ಪೇನಿಲ್ಲ, ಆದರೆ ಬಿಕಾಸ್, ವೆನ್, ಸೋ, ಆಫ್ಟರ್ ದಟ್ ಎಂಬ ಕೊಂಡಿಗಳಿಗೆ ತೂಕ ಹೆಚ್ಚು. ರಾತ್ರಿ ಕಥೆಯನ್ನು ಕನ್ನಡದಲ್ಲೇ ಹೇಳಿ, "ಯಾಕೆ ಹೋದ? ಆಮೇಲೇನಾಯ್ತು?" ಎಂದು ಕೇಳಿ. ಘಟನೆಗಳನ್ನು ಸರಿಯಾಗಿ ಜೋಡಿಸುವ ಬುದ್ಧಿ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ದಾಟುತ್ತದೆ. ಪರೀಕ್ಷೆಗಾಗಿ ಮನೆಯಲ್ಲಿ ಕನ್ನಡ ನಿಲ್ಲಿಸಬೇಕಾಗಿಲ್ಲ.

ನಮ್ಮ ಮಕ್ಕಳ ಬರಹದಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳ ಬೇರೂ ಕನ್ನಡದಲ್ಲೇ ಇದೆ. ನಮ್ಮಲ್ಲಿ ಎ, ಆನ್, ದ ಇಲ್ಲ, ಅವು ಬಿಟ್ಟುಹೋಗುತ್ತವೆ. 'ಅಲ್ಲಿ' ಪ್ರತ್ಯಯ ಒಂದೇ ಇನ್, ಆನ್, ಆಟ್ ಮೂರನ್ನೂ ಹೊರುತ್ತದೆ. ಬಸ್ಸಲ್ಲಿ, ಶಾಲೆಯಲ್ಲಿ, ಡಬ್ಬಿಯಲ್ಲಿ. ಆದ್ದರಿಂದ "ಆನ್ ದ ಬಸ್" ಎನ್ನಬೇಕಾದಲ್ಲಿ "ಇನ್ ಬಸ್". ಇನ್ನು ನಮ್ಮ 'ಹಾಕು' ಇದೆಯಲ್ಲ, ಅದರ ಕಾರುಬಾರು ದೊಡ್ಡದು. ಅಂಗಿ ಹಾಕು, ನೀರು ಹಾಕು, ಲೈಟ್ ಹಾಕು, ಬಾಗಿಲು ಹಾಕು. ಮಗು ಎಲ್ಲದಕ್ಕೂ 'ಪುಟ್' ಎನ್ನುತ್ತದೆ. ವೇರ್, ಪೋರ್, ಟರ್ನ್ ಆನ್, ಕ್ಲೋಸ್ ಎಂದು ಬಿಡಿಸಿ ಕೊಡಿ. ಪದಸಂಪತ್ತು ಬೆಳೆಯುವುದು ಇಂಥ ದಿನಬಳಕೆಯ ಕ್ರಿಯಾಪದದಿಂದ, ಸ್ಪೆಲಿಂಗ್ ಬೀ ಪಟ್ಟಿಯಿಂದಲ್ಲ. ಭಾರತದಿಂದ ಈಗಷ್ಟೇ ಬಂದ ಮಗುವಿಗೆ ರಬ್ಬರ್ ಎರೇಸರ್ ಆಗಿದೆ, ಡಸ್ಟ್‌ಬಿನ್ ಟ್ರಾಶ್ ಕ್ಯಾನ್ ಆಗಿದೆ, ಫುಲ್‌ಸ್ಟಾಪ್ ಪೀರಿಯಡ್ ಆಗಿದೆ ಎಂದೂ ಹೇಳಿಡಬೇಕು.

ಮೂರನೇ ತರಗತಿಯಿಂದ ಬರವಣಿಗೆ ಕಂಪ್ಯೂಟರಿನಲ್ಲಿ. ಕೈಬರಹದಲ್ಲಿ ಪುಟಗಟ್ಟಲೆ ಬರೆಯುವ ಹುಡುಗ ಕೀಲಿಮಣೆಯಲ್ಲಿ ಅಕ್ಷರ ಹುಡುಕುತ್ತ ಎರಡು ಸಾಲಿಗೆ ನಿಲ್ಲಿಸಿಬಿಡುತ್ತಾನೆ. ವಿಮಾನ ಹತ್ತುವ ಮುಂಚೆಯೇ ಟೈಪಿಂಗ್ ಶುರುಮಾಡಿಸುವುದು ಒಳ್ಳೆಯದು. ಪ್ರತಿ ತರಗತಿ ಗುಂಪಿಗೂ ಅಧಿಕೃತ ಅಭ್ಯಾಸ ಪರೀಕ್ಷೆಗಳು ಎಲ್‌ಪ್ಯಾಕ್ ಜಾಲತಾಣದಲ್ಲಿ ಉಚಿತವಾಗಿವೆ. ದುಡ್ಡು ಕೊಟ್ಟು ಕೋಚಿಂಗ್ ಸೇರಿಸುವ ಅಗತ್ಯ ನಮಗಂತೂ ಕಾಣುವುದಿಲ್ಲ.

ಇಎಲ್ ಆದರೆ

ಆಕಾಶ ಕಳಚಿ ಬೀಳುವುದಿಲ್ಲ. ಮಗು ಅದೇ ತರಗತಿಯಲ್ಲಿ ಕೂರುತ್ತದೆ. ದಿನದ ಒಂದು ಹೊತ್ತು ಇಂಗ್ಲಿಷ್ ಕಲಿಕೆಗೆಂದೇ ಮೀಸಲಾದ ಇಎಲ್‌ಡಿ ಪಾಠ ಇರುತ್ತದೆ. ಆ ಪಾಠ ಬೇಡ ಎನ್ನುವ ಹಕ್ಕು ನಿಮಗಿದೆ, ಪರೀಕ್ಷೆ ಬೇಡ ಎನ್ನುವ ಹಕ್ಕಿಲ್ಲ. ಪಾಠ ಬಿಟ್ಟ ಮಗುವೂ ವರ್ಷ ವರ್ಷ ಪರೀಕ್ಷೆಗೆ ಕೂರಬೇಕು. "ಶಾಲೆಗೆ ದುಡ್ಡು ಬರುತ್ತೆ, ಅದಕ್ಕೇ ಸೇರಿಸ್ತಾರೆ" ಎಂಬ ಮಾತೂ ಕೇಳಿರುತ್ತೀರಿ. ಇಎಲ್, ಬಡ ಕುಟುಂಬದ ಹಾಗೂ ಫಾಸ್ಟರ್ (ಸರ್ಕಾರದ ಏರ್ಪಾಡಿನಲ್ಲಿ ಬೇರೆಯವರ ಆರೈಕೆಯಲ್ಲಿರುವ) ಮಕ್ಕಳಿಗೆ ರಾಜ್ಯ ಮೂಲ ಅನುದಾನದ ಮೇಲೆ ಶೇ. 20 ಹೆಚ್ಚು ಕೊಡುವುದು ನಿಜ. ಆದರೆ 450ರ ಗೆರೆ ಎಳೆದಿರುವುದು ರಾಜ್ಯ, ಶಾಲೆಯಲ್ಲ.

ಫಲಿತಾಂಶ ಖಂಡಿತ ತಪ್ಪು ಎನಿಸಿದರೆ ಕೈಕಟ್ಟಿ ಕೂರಬೇಡಿ. ಮೊದಲ ಸಮ್ಮೇಟಿವ್ ಪರೀಕ್ಷೆಗೆ, ಅಂದರೆ ಇಎಲ್ ಮಕ್ಕಳ ವಾರ್ಷಿಕ ಪರೀಕ್ಷೆಗೆ, ಮುಂಚೆ ಮಗುವಿನ ವರ್ಗೀಕರಣ ಮರುಪರಿಶೀಲಿಸಿ ಎಂದು ಬರೆದು ಕೇಳಬಹುದು. ಶಿಕ್ಷಕರೂ ಕೇಳಬಹುದು. ಶಾಲೆ ಬೇರೆ ಪುರಾವೆಗಳನ್ನು ಕಲೆಹಾಕಿ ನೋಡುತ್ತದೆ. ಈ ಅವಕಾಶವೂ ಒಂದೇ ಸಲ.

ಸಮ್ಮೇಟಿವ್ ಎಲ್‌ಪ್ಯಾಕ್ ಪ್ರತಿ ವರ್ಷ ಫೆಬ್ರವರಿ 1ರಿಂದ ಮೇ 31ರೊಳಗೆ ನಡೆಯುತ್ತದೆ. ನಾಲ್ಕು ಮಟ್ಟ. ಹೊರಬರಲು, ಅಂದರೆ ರೀಕ್ಲಾಸಿಫೈ ಆಗಲು, ಒಟ್ಟಾರೆ ಮಟ್ಟ 4 ಬರಬೇಕು. ಜೊತೆಗೆ ಶಿಕ್ಷಕರ ಮೌಲ್ಯಮಾಪನ, ಪೋಷಕರ ಅಭಿಪ್ರಾಯ, ಮತ್ತು ಅದೇ ವಯಸ್ಸಿನ ಇಂಗ್ಲಿಷ್ ಮಕ್ಕಳಿಗೆ ಹೋಲಿಸಿದ ಓದು ಬರಹದ ಅಂಕ. ಈ ಕೊನೆಯದನ್ನು ಯಾವ ಪರೀಕ್ಷೆಯಿಂದ, ಎಷ್ಟು ಅಂಕಕ್ಕೆ ನೋಡುತ್ತಾರೆ ಎನ್ನುವುದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಬರಿದೇ "ಯಾವಾಗ ಹೊರಬರ್ತಾನೆ?" ಎಂದು ಕೇಳಬೇಡಿ. "ನಾಲ್ಕರಲ್ಲಿ ಯಾವುದು ಬಾಕಿ ಇದೆ?" ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಹೊರಬಂದ ಮೇಲೂ ನಾಲ್ಕು ವರ್ಷ ಮಗುವಿನ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ.

ನಮ್ಮ ಮಕ್ಕಳು ಸಿಕ್ಕಿಹಾಕಿಕೊಳ್ಳುವ ರೀತಿ ಹೆಚ್ಚಾಗಿ ಹೀಗೆ: ಕೇಳುವುದು ಮಾತಾಡುವುದು ಸೇರಿದ ಭಾಗದಲ್ಲಿ ಮಟ್ಟ 4, ಓದು ಬರಹ ಸೇರಿದ ಭಾಗದಲ್ಲಿ 2 ಅಥವಾ 3. ಪಟಪಟ ಮಾತಾಡುವ ಮಗು ಇಎಲ್ ಆಗಿ ಉಳಿದಿದೆ ಎಂದರೆ ತಂದೆ ತಾಯಿಗೆ ನಂಬಿಕೆಯೇ ಬರುವುದಿಲ್ಲ, ಆದ್ದರಿಂದ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಪ್ರೈಮರಿಯಲ್ಲಿ ಅದರ ಬಿಸಿ ತಟ್ಟುವುದಿಲ್ಲ. ಮಿಡಲ್ ಸ್ಕೂಲಿನಲ್ಲಿ ಇಎಲ್‌ಡಿ ಒಂದು ಪೂರ್ತಿ ಪೀರಿಯಡ್ ಆಗಬಹುದು. ಆಗ ಬ್ಯಾಂಡ್, ಕೋಡಿಂಗ್ ಥರದ ಐಚ್ಛಿಕ ವಿಷಯವೊಂದು ಕೈಬಿಡುತ್ತದೆ. ಆದ್ದರಿಂದ ಮೂರು, ನಾಲ್ಕು, ಐದನೇ ತರಗತಿಗಳಲ್ಲೇ ಅಂಕಪಟ್ಟಿಯ ಬರಹದ ಸಾಲನ್ನು ನೋಡಿ. ವಾರಕ್ಕೆ ಎರಡು ಸಲ ಒಂದು ಪ್ಯಾರಾ ಟೈಪ್ ಮಾಡಿಸಿ: ಒಂದು ಅಭಿಪ್ರಾಯ, ಅದಕ್ಕೆ ಎರಡು ಕಾರಣ, ಪ್ರತಿ ಕಾರಣಕ್ಕೂ ಒಂದು ಉದಾಹರಣೆ. ಬರಹದ ಭಾಗದಲ್ಲಿ ಕೇಳುವುದರಲ್ಲಿ ಒಂದು ಇದೇ.

ಎಲ್‌ಪ್ಯಾಕ್ ಕ್ಯಾಲಿಫೋರ್ನಿಯಾದ್ದು ಮಾತ್ರ. ನ್ಯೂಜೆರ್ಸಿ, ಇಲಿನಾಯ್, ವಾಷಿಂಗ್ಟನ್ ಸೇರಿ ಹೆಚ್ಚಿನ ರಾಜ್ಯಗಳಲ್ಲಿ ವಿಡಾ ಸಂಸ್ಥೆಯ ಆಕ್ಸೆಸ್ ಪರೀಕ್ಷೆ. ಅದು 1ರಿಂದ 6ರ ಅಳತೆ. ಒಟ್ಟು ಅಂಕದಲ್ಲಿ ಓದಿಗೂ ಬರಹಕ್ಕೂ ತಲಾ ಶೇ. 35, ಕೇಳುವುದಕ್ಕೂ ಮಾತಿಗೂ ತಲಾ ಶೇ. 15. ಹೊರಬರುವ ಅಂಕ ಪ್ರತಿ ರಾಜ್ಯಕ್ಕೂ ಬೇರೆ. ಟೆಕ್ಸಸ್‌ನಲ್ಲಿ ಟೆಲ್ಪಾಸ್. ರಾಜ್ಯ ಬದಲಾಯಿಸಿ ಕ್ಯಾಲಿಫೋರ್ನಿಯಾಕ್ಕೆ ಬಂದರೆ ಸರ್ವೇ ಮತ್ತೆ ಮೊದಲಿಂದ. ಹಳೆಯ ಅಂಕಪಟ್ಟಿಗಳ ಪ್ರತಿಯನ್ನು ಲಸಿಕೆಯ ಕಾರ್ಡಿನ ಜೊತೆಗೇ ಇಟ್ಟುಕೊಂಡಿರಿ. ಹೊಸ ಶಾಲೆಯ ಆಫೀಸಿನಲ್ಲಿ ಮೊದಲ ದಿನವೇ ಅದನ್ನು ಕೊಟ್ಟರೆ, ಮುಂದೆ ಮರುಪರಿಶೀಲನೆ ಕೇಳಬೇಕಾಗಿ ಬಂದಾಗ ಪುರಾವೆ ಅಲ್ಲೇ ಇರುತ್ತದೆ.