ಮೊಡವೆಯ ಚರ್ಮಕ್ಕೆ ದಿನನಿತ್ಯದ ಆರೈಕೆ

ಕನ್ನಡಿಯಲ್ಲಿ ಇಂದು ಕಂಡ ಮೊಡವೆ ಇಂದು ಹುಟ್ಟಿದ್ದಲ್ಲ. ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ವಾರ ಮೊದಲೇ ಅದು ಚರ್ಮದೊಳಗಿನ ರೋಮಕೂಪದಲ್ಲಿ ರೂಪುಗೊಳ್ಳಲು ಆರಂಭಿಸಿರುತ್ತದೆ. ಕೂದಲಿನ ಬುಡಕ್ಕೆ ಹೊಂದಿಕೊಂಡಿರುವ ಎಣ್ಣೆಗ್ರಂಥಿ ಸ್ರವಿಸುವ ಜಿಡ್ಡು ಈ ಕೂಪದ ಮೂಲಕವೇ ಮೇಲೆ ಬರಬೇಕು. ಕೂಪದ ಒಳಗೋಡೆಯಿಂದ ಕಳಚುವ ಸತ್ತ ಜೀವಕೋಶಗಳು ಉದುರಿಹೋಗದೆ ಜಿಡ್ಡಿನೊಂದಿಗೆ ಬೆರೆತು ಅಂಟಾದಾಗ ಅದರ ಬಾಯಿ ಕಟ್ಟಿಕೊಳ್ಳುತ್ತದೆ. ಎಲ್ಲರ ಚರ್ಮದಲ್ಲೂ ಸಹಜವಾಗಿಯೇ ಇರುವ ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚುತ್ತದೆ, ದೇಹ ಅದರ ವಿರುದ್ಧ ಪ್ರತಿಕ್ರಿಯಿಸುತ್ತದೆ, ಕೆಂಪು, ಊತ ಮತ್ತು ಕೀವು ಕಾಣಿಸಿಕೊಳ್ಳುತ್ತವೆ. ಹದಿಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳು ಎಣ್ಣೆಗ್ರಂಥಿಗಳನ್ನು ಚುರುಕುಗೊಳಿಸುವುದರಿಂದ ಆ ವಯಸ್ಸಿನಲ್ಲಿ ಮೊಡವೆ ಹೆಚ್ಚು. ಆದರೆ ಮೂವತ್ತು, ನಲವತ್ತು ದಾಟಿದವರಲ್ಲೂ, ವಿಶೇಷವಾಗಿ ಮಹಿಳೆಯರಲ್ಲಿ, ಅದು ಅಪರೂಪವೇನಲ್ಲ.

ಈ ವಿವರಣೆಯನ್ನು ಮೊದಲೇ ಕೊಟ್ಟಿದ್ದಕ್ಕೆ ಕಾರಣವಿದೆ. ಮೊಡವೆ ಆದವರಿಗೆ ಸಿಗುವ ಮೊದಲ ಸಲಹೆ ಮುಖವನ್ನು ಚೆನ್ನಾಗಿ ತಿಕ್ಕಿ ತೊಳೆಯಬೇಕು ಎಂಬುದು. ಮೊಡವೆ ಕೊಳೆಯಿಂದ ಬರುವುದಿಲ್ಲ. ಬ್ಲ್ಯಾಕ್‌ಹೆಡ್‌ನ ಕಪ್ಪು ಬಣ್ಣವೂ ಕೊಳೆಯಲ್ಲ; ತೆರೆದ ಬಾಯಿಯ ಕೂಪದಲ್ಲಿ ಸಿಕ್ಕಿಕೊಂಡ ವಸ್ತು ಗಾಳಿ ತಾಗಿ ಕಪ್ಪಾಗಿರುತ್ತದೆ, ಅಷ್ಟೆ. ಅದನ್ನು ಎಷ್ಟು ಉಜ್ಜಿದರೂ ಹೋಗದಿರುವುದಕ್ಕೆ ಇದೇ ಕಾರಣ. ಮುಖ ತೊಳೆಯುವುದರಲ್ಲಿ ತಮ್ಮ ಅಶ್ರದ್ಧೆಯಿಂದಲೇ ಹೀಗಾಯಿತೆಂದು ನೊಂದುಕೊಳ್ಳುವ ಎಳೆಯರಿಗೆ ಮನೆಯ ಹಿರಿಯರು ಈ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು.

ಹಾಗಾದರೆ ತೊಳೆಯುವುದು ಹೇಗೆ? ದಿನಕ್ಕೆ ಎರಡು ಬಾರಿ, ಬೆಳಗ್ಗೆ ಮತ್ತು ರಾತ್ರಿ, ಜೊತೆಗೆ ಚೆನ್ನಾಗಿ ಬೆವರಿದ ಮೇಲೊಮ್ಮೆ ಸಾಕು. ನೀರು ಉಗುರುಬೆಚ್ಚಗಿರಲಿ, ಬೆರಳ ತುದಿಗಳಲ್ಲಿ ಮೃದುವಾದ ಫೇಸ್‌ವಾಶ್ ಹಚ್ಚಿ ಅರ್ಧ ನಿಮಿಷ ಹಗುರವಾಗಿ ತಿರುವಿ ತೊಳೆಯಿರಿ. ಒರಟು ಬಟ್ಟೆ, ಬ್ರಷ್, ಹರಳುಹರಳಾದ ಸ್ಕ್ರಬ್ ಯಾವುದೂ ಬೇಡ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿದ್ದು ಅದರ ಪಿಎಚ್ (ಆಮ್ಲೀಯತೆಯ ಅಳತೆ; 7ಕ್ಕಿಂತ ಕಡಿಮೆಯಿದ್ದರೆ ಆಮ್ಲೀಯ, ಹೆಚ್ಚಿದ್ದರೆ ಕ್ಷಾರೀಯ) ಸುಮಾರು 5 ಇರುತ್ತದೆ. ಸಾಮಾನ್ಯ ಸಾಬೂನಿನದು 9ರಿಂದ 10ರವರೆಗೂ ಇರುವುದರಿಂದ ಅದು ಚರ್ಮದ ರಕ್ಷಣಾ ಪದರವನ್ನು ಕೆಡಿಸಿ, ಮುಖ ಬಿಗಿದು ಉರಿಯುವಂತೆ ಮಾಡುತ್ತದೆ. ತೊಳೆದ ಮೇಲೆ ಚರ್ಮ ಎಳೆದಂತೆ ಆಗುವುದು ಸ್ವಚ್ಛತೆಯ ಲಕ್ಷಣವೆಂದು ಹಲವರು ನಂಬಿದ್ದಾರೆ. ಅದು ವಾಸ್ತವವಾಗಿ ಹಾನಿಯ ಲಕ್ಷಣ. ಮುಖವನ್ನು ಉಜ್ಜದೆ, ಶುಭ್ರವಾದ ಟವೆಲಿನಿಂದ ಒತ್ತಿ ಒರೆಸಿಕೊಳ್ಳಿ.

ಇನ್ನು ಔಷಧಿ. ವೈದ್ಯರ ಬಳಿ ಹೋಗುವ ಮುನ್ನ ಸೌಮ್ಯ ಸ್ವರೂಪದ ಮೊಡವೆಗೆ ಮನೆಯಲ್ಲೇ ಬಳಸಬಹುದಾದವುಗಳಲ್ಲಿ ಮುಖ್ಯವಾದವು ಬೆಂಜಾಯ್ಲ್ ಪೆರಾಕ್ಸೈಡ್, ಸ್ಯಾಲಿಸಿಲಿಕ್ ಆಮ್ಲ ಮತ್ತು ಅಡಾಪಲಿನ್. ಇವುಗಳಲ್ಲಿ ಕೆಲವಕ್ಕೆ ಕೆಲವು ದೇಶಗಳಲ್ಲಿ ವೈದ್ಯರ ಚೀಟಿ ಬೇಕಾಗುತ್ತದೆ. ಬೆಂಜಾಯ್ಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಮತ್ತು ಆಂಟಿಬಯೋಟಿಕ್‌ಗಳಿಗೆ ಬೆಳೆಸಿಕೊಳ್ಳುವ ಹಾಗೆ ಬ್ಯಾಕ್ಟೀರಿಯಾ ಇದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಶೇಕಡಾ 2.5ರಿಂದ 10ರವರೆಗಿನ ಸಾಂದ್ರತೆಯಲ್ಲಿ ಸಿಗುವ ಇದನ್ನು ಕೊಳ್ಳುವಾಗ ಹೆಚ್ಚಿನದನ್ನೇ ಆರಿಸಬೇಕೆಂದೇನಿಲ್ಲ. ಕಡಿಮೆ ಸಾಂದ್ರತೆಯದು ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ. ಇದು ಬಟ್ಟೆಯ ಬಣ್ಣ ತೆಗೆಯುವುದರಿಂದ ಬಿಳಿ ಟವೆಲ್ ಮತ್ತು ಬಿಳಿ ದಿಂಬಿನ ಹೊದಿಕೆ ಬಳಸುವುದು ಕ್ಷೇಮ. ಶೇಕಡಾ 0.5ರಿಂದ 2ರಷ್ಟಿರುವ ಸ್ಯಾಲಿಸಿಲಿಕ್ ಆಮ್ಲ ಜಿಡ್ಡಿನಲ್ಲಿ ಕರಗಿ ಕೂಪದೊಳಗೆ ಇಳಿಯಬಲ್ಲದಾದ್ದರಿಂದ ಬ್ಲ್ಯಾಕ್‌ಹೆಡ್ ಮತ್ತು ವೈಟ್‌ಹೆಡ್‌ಗಳಿಗೆ ಒಪ್ಪುತ್ತದೆ.

ಅಡಾಪಲಿನ್ ರೆಟಿನಾಯ್ಡ್, ಅಂದರೆ ವಿಟಮಿನ್ ಎಗೆ ಸಂಬಂಧಿಸಿದ ಔಷಧಿಗಳ, ಗುಂಪಿಗೆ ಸೇರಿದ್ದು. ಕೂಪದ ಬಾಯಿ ಕಟ್ಟಿಕೊಳ್ಳದಂತೆ ತಡೆಯುವುದರಿಂದ ಮೊಡವೆಯ ಮೂಲಕ್ಕೇ ಕೈಹಾಕುವ ಔಷಧಿ ಇದು, ಮತ್ತು ಬಹಳ ಜನ ಒಂದೇ ವಾರಕ್ಕೆ ಕೈಬಿಡುವ ಔಷಧಿಯೂ ಇದೇ. ಕೈಬಿಡುವುದಕ್ಕೆ ಕಾರಣ ಹೆಚ್ಚಾಗಿ ಹಚ್ಚುವ ಕ್ರಮದಲ್ಲಿರುತ್ತದೆ. ರಾತ್ರಿ ಮುಖ ತೊಳೆದ ಮೇಲೆ ಚರ್ಮ ಪೂರ್ತಿ ಒಣಗಲು ಇಪ್ಪತ್ತು ನಿಮಿಷ ಬಿಡಿ. ಬಟಾಣಿ ಕಾಳಿನಷ್ಟು ಜೆಲ್ ಬೆರಳಿಗೆ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಮೂಗು, ಗಲ್ಲ ಹೀಗೆ ಐದು ಕಡೆ ಚುಕ್ಕಿಯಿಟ್ಟು, ಅಲ್ಲಿಂದ ಹೊರಕ್ಕೆ ತೆಳುವಾಗಿ ಹರಡಿ. ಕಣ್ಣಿನ ಸುತ್ತ, ಮೂಗಿನ ಅಂಚು ಮತ್ತು ತುಟಿಯ ಮೂಲೆಗಳನ್ನು ಬಿಟ್ಟುಬಿಡಿ. ಎದ್ದಿರುವ ಮೊಡವೆಯ ಮೇಲಷ್ಟೇ ಹಚ್ಚಿದರೆ ಪ್ರಯೋಜನ ಕಡಿಮೆ, ಏಕೆಂದರೆ ಮುಂದಿನ ತಿಂಗಳು ಏಳಲಿರುವ ಮೊಡವೆ ಈಗ ನುಣುಪಾಗಿ ಕಾಣುವ ಚರ್ಮದ ಅಡಿಯಲ್ಲಿದೆ. ಮೊದಲ ಎರಡು ವಾರ ಎರಡು ಅಥವಾ ಮೂರು ದಿನಕ್ಕೊಮ್ಮೆ ಹಚ್ಚಿ, ಚರ್ಮ ಒಗ್ಗಿಕೊಂಡಂತೆ ಪ್ರತಿ ರಾತ್ರಿಗೆ ಏರಿಸಿ. ಆರಂಭದಲ್ಲಿ ಸಿಪ್ಪೆ ಏಳುವುದು, ಮೊಡವೆ ಸ್ವಲ್ಪ ಹೆಚ್ಚಾದಂತೆ ಕಾಣುವುದು ಸಾಮಾನ್ಯ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಯೋಚಿಸುತ್ತಿರುವವರು ರೆಟಿನಾಯ್ಡ್‌ಗಳನ್ನು ಬಳಸಬಾರದು; ಅವರಿಗೆ ಅಜೆಲಾಯಿಕ್ ಆಮ್ಲದಂತಹ ಬೇರೆ ದಾರಿಗಳನ್ನು ವೈದ್ಯರು ಸೂಚಿಸುತ್ತಾರೆ.

ಇವೆಲ್ಲವನ್ನೂ ಒಂದೇ ದಿನ ಆರಂಭಿಸಬೇಡಿ. ಒಂದನ್ನು ಆರಿಸಿ, ದವಡೆಯ ಅಂಚಿನ ಸ್ವಲ್ಪ ಜಾಗದಲ್ಲಿ ಕೆಲವು ದಿನ ಹಚ್ಚಿ ನೋಡಿ, ನಂತರ ಮುಖಕ್ಕೆ ಬಳಸಿ, ಕನಿಷ್ಠ 8ರಿಂದ 12 ವಾರ ಬಿಡದೆ ಮುಂದುವರಿಸಿ. ಹತ್ತು ದಿನಕ್ಕೊಂದು ಹೊಸ ಕ್ರೀಮಿಗೆ ಜಿಗಿಯುವವರಿಗೆ ಯಾವುದರ ಫಲವೂ ಸಿಗುವುದಿಲ್ಲ, ಯಾವುದರಿಂದ ಉರಿಯಾಯಿತೆಂಬುದೂ ತಿಳಿಯುವುದಿಲ್ಲ.

ಜಿಡ್ಡಿನ ಮುಖಕ್ಕೆ ಮಾಯಿಶ್ಚರೈಸರ್ ಏಕೆಂದು ಕೇಳುವವರಿದ್ದಾರೆ. ಮೇಲೆ ಹೇಳಿದ ಔಷಧಿಗಳೆಲ್ಲ ಚರ್ಮವನ್ನು ಒಣಗಿಸುತ್ತವೆ. ಗ್ಲಿಸರಿನ್, ಹಯಲುರಾನಿಕ್ ಆಮ್ಲ ಅಥವಾ ಸೆರಮೈಡ್ ಇರುವ ತೆಳುವಾದ, ನಾನ್-ಕಾಮಿಡೋಜೆನಿಕ್ (ಕೂಪದ ಬಾಯಿ ಕಟ್ಟದ) ಎಂದು ನಮೂದಿಸಿರುವ ಲೋಷನ್ ಹಚ್ಚಿದರೆ ಔಷಧಿಯನ್ನು ತಡೆದುಕೊಳ್ಳಲು ಚರ್ಮಕ್ಕೆ ಸಾಧ್ಯವಾಗುತ್ತದೆ. ಬೆಳಗ್ಗೆ ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಇರಲೇಬೇಕು. ಗೋಧಿ ಬಣ್ಣದ ಮತ್ತು ಕಪ್ಪು ಚರ್ಮದವರಲ್ಲಿ ಮೊಡವೆ ಒಣಗಿದ ಮೇಲೆ ಉಳಿಯುವ ಕಂದು ಕಲೆ ಎಷ್ಟೋ ತಿಂಗಳು ಹೋಗುವುದಿಲ್ಲ, ಬಿಸಿಲಿಗೆ ಅದು ಇನ್ನಷ್ಟು ಗಾಢವಾಗುತ್ತದೆ. ಅವರನ್ನು ಮೊಡವೆಗಿಂತ ಹೆಚ್ಚು ಕಾಲ ಕಾಡುವುದು ಈ ಕಲೆಯೇ.

ಮೊಡವೆಯನ್ನು ಹಿಸುಕುವ ಅಭ್ಯಾಸದ ಬಗ್ಗೆ ಖಂಡಿತವಾಗಿ ಹೇಳಬೇಕು: ಬೇಡ. ಎರಡು ಉಗುರುಗಳ ನಡುವೆ ಒತ್ತಿದಾಗ ಸ್ವಲ್ಪ ಕೀವು ಹೊರಗೆ ಬಂದರೂ, ಅದೇ ಒತ್ತಡಕ್ಕೆ ಕೂಪದ ಗೋಡೆ ಚರ್ಮದ ಆಳದಲ್ಲಿ ಒಡೆದು, ಉಳಿದದ್ದು ಸುತ್ತಲಿನ ಅಂಗಾಂಶಕ್ಕೆ ನುಗ್ಗುತ್ತದೆ. ಕೆಲವು ದಿನಗಳಲ್ಲಿ ಇಳಿಯಬೇಕಿದ್ದ ಗುಳ್ಳೆ ವಾರಗಟ್ಟಲೆ ಉಳಿಯುವ ಗಂಟಾಗಬಹುದು, ಕೊನೆಗೆ ಗುಳಿ ಬೀಳಬಹುದು. ಕೈ ತಡೆಯುವುದಿಲ್ಲ ಎನ್ನುವವರು ಮೊಡವೆಗೆಂದೇ ಸಿಗುವ ಹೈಡ್ರೊಕೊಲಾಯ್ಡ್ ಪಟ್ಟಿಯನ್ನು ಅಂಟಿಸಿಕೊಳ್ಳಬಹುದು. ಟೂತ್‌ಪೇಸ್ಟ್ ಹಚ್ಚುವುದರಿಂದ ಚರ್ಮ ಸುಟ್ಟಂತಾಗುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಗುಳ್ಳೆಯೆದ್ದು ಕಪ್ಪು ಕಲೆ ಉಳಿಯಬಹುದು.

ಮೊಡವೆ ಎಲ್ಲಿ ಏಳುತ್ತಿದೆ ಎಂಬುದನ್ನೂ ಗಮನಿಸಿ. ಹಣೆಯಲ್ಲಿ ಕೂದಲಿನ ಅಂಚಿಗೇ ಸಾಲಾಗಿ ಎದ್ದರೆ ತಲೆಗೆ ಹಾಕುವ ಎಣ್ಣೆ, ಜೆಲ್ ಅಥವಾ ಕಂಡೀಷನರ್ ಕಾರಣವಿರಬಹುದು. ಗಲ್ಲದ ಪಟ್ಟಿ ತಾಗುವಲ್ಲಿ ಎದ್ದರೆ ಹೆಲ್ಮೆಟ್ಟಿನ ಉಜ್ಜಾಟವನ್ನು, ಮಾಸ್ಕಿನ ಅಡಿಯಲ್ಲಿ ಎದ್ದರೆ ಬೆವರು ಮತ್ತು ಘರ್ಷಣೆಯನ್ನು ಸಂಶಯಿಸಬೇಕು. ಆಹಾರದ ವಿಷಯದಲ್ಲಿ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ತಿನಿಸುಗಳು ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತವೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ, ಹಾಲು ಮತ್ತು ವ್ಹೇ ಪ್ರೋಟೀನಿನ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಬಗ್ಗೆಯೂ ಒಂದಷ್ಟಿದೆ; ಆದರೆ ಪಥ್ಯವೊಂದರಿಂದಲೇ ಮೊಡವೆ ಗುಣವಾಗುವುದೆಂದು ಕಾಯಬಾರದು.

ಬೆಳ್ಳಗಾಗಿಸುವುದೆಂದು ಹೇಳಿ ಕೊಡುವ ಕ್ರೀಮುಗಳಲ್ಲಿ ಬೀಟಾಮೆಥಸೋನ್, ಕ್ಲೊಬೆಟಸಾಲ್‌ನಂತಹ ಸ್ಟಿರಾಯ್ಡ್ ಇದೆಯೇ ಎಂದು ಕೊಳ್ಳುವ ಮೊದಲು ಓದಿ ನೋಡಿ. ಮೊದಲ ಕೆಲವು ದಿನ ಕೆಂಪು ಇಳಿದು ಮುಖ ತಿಳಿಯಾದಂತೆ ಕಾಣುತ್ತದೆ, ನಂತರ ಚರ್ಮ ತೆಳುವಾಗಿ, ಸ್ಟಿರಾಯ್ಡ್‌ನಿಂದಲೇ ಹೊಸ ಮೊಡವೆಗಳು ಏಳುತ್ತವೆ, ನಿಲ್ಲಿಸಿದರೆ ಉರಿ ಉಕ್ಕುತ್ತದೆ. ಅದಾಗಲೇ ಬಹುಕಾಲ ಹಚ್ಚಿದವರು ತಾವಾಗಿಯೇ ಏನನ್ನೂ ಮಾಡದೆ ಚರ್ಮರೋಗ ತಜ್ಞರನ್ನು ಕಾಣಬೇಕು.

ತಜ್ಞರನ್ನು ಬೇಗನೆ ಕಾಣಬೇಕಾದ ಸಂದರ್ಭಗಳು ಬೇರೆಯೂ ಇವೆ: ಆಳವಾದ, ನೋಯುವ ಗಂಟುಗಳು, ಗುಳಿ ಬೀಳಲು ತೊಡಗಿದ ಚರ್ಮ, ಮುಟ್ಟಿನ ಏರುಪೇರು ಮತ್ತು ಮುಖದ ಕೂದಲಿನೊಂದಿಗೆ ಬರುವ ಮೊಡವೆ, ಮೂರು ತಿಂಗಳ ಕ್ರಮಬದ್ಧ ಆರೈಕೆಗೂ ಬಗ್ಗದ ಮೊಡವೆ. ಮೊಡವೆಯ ಕಾರಣಕ್ಕೆ ಜನರೆದುರು ಹೋಗಲು ಹಿಂಜರಿಯುವಂತಾದರೆ, ಅದು ಎಷ್ಟೇ ಸಣ್ಣದಿದ್ದರೂ, ಅದೊಂದೇ ಸಾಕಷ್ಟು ಕಾರಣ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಬಹಳ ಪರಿಣಾಮಕಾರಿ, ಆದರೆ ಗರ್ಭದಲ್ಲಿರುವ ಶಿಶುವಿಗೆ ಗಂಭೀರ ಹಾನಿ ಮಾಡುವುದರಿಂದ ಅದನ್ನು ವೈದ್ಯರ ನಿಗಾ ಇಲ್ಲದೆ ಎಂದೂ ನುಂಗಬಾರದು. ವೈದ್ಯರಲ್ಲಿಗೆ ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಕ್ರೀಮು, ಎಣ್ಣೆ, ಫೇಸ್‌ವಾಶ್‌ಗಳನ್ನು, ಅರ್ಧ ಮುಗಿದ ಟ್ಯೂಬುಗಳ ಸಮೇತ, ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ; ಯಾವುದನ್ನು ಎಷ್ಟು ವಾರ ಹಚ್ಚಿದಿರಿ ಎಂಬುದನ್ನೂ ಬರೆದುಕೊಂಡಿದ್ದರೆ ಮುಂದಿನ ಚಿಕಿತ್ಸೆಯನ್ನು ನಿರ್ಧರಿಸಲು ಅವರಿಗೆ ಸುಲಭವಾಗುತ್ತದೆ.