ಅಡ್ವಾನ್ಸ್ ಅವನ ಹೆಸರಲ್ಲಿ: ಬಾಲಮಂದಿರದಿಂದ ಬಾಡಿಗೆ ರೂಮಿಗೆ, ನನ್ನ ಅನುಭವ

18 ತುಂಬಿ ಬಾಲಮಂದಿರದಿಂದ ಹೊರಬಂದ ಹುಡುಗನ ಹೆಸರಿಗೇ ಬಾಡಿಗೆ ಕರಾರು, ಮನೆ ಅಡ್ವಾನ್ಸ್ ಅವನಿಗೆ ಸಾಲ. ಇಷ್ಟೇ ನಮ್ಮ ಪದ್ಧತಿ. ಶುರು ಮಾಡಿದಾಗ ನಮ್ಮ ಟ್ರಸ್ಟಿನವರೇ ನಕ್ಕಿದ್ದರು. "ಮೂರು ತಿಂಗಳಲ್ಲಿ ರೂಮೂ ಖಾಲಿ, ದುಡ್ಡೂ ಖಾಲಿ" ಎಂದರು ಒಬ್ಬರು. ಈಗ ಐದು ವರ್ಷದ ಮೇಲಾಯಿತು. ಮೂವತ್ತು ಚಿಲ್ಲರೆ ಮಕ್ಕಳು ಹೀಗೆ ಸ್ವಂತ ಕಾಲ ಮೇಲೆ ನಿಂತಿದ್ದಾರೆ, ಹೆಚ್ಚಿನವರು ಮೈಸೂರಿನಲ್ಲೇ. ಸಾಲ ತೀರಿಸದೆ ಹೋದವರು ಮೂವರೋ ನಾಲ್ವರೋ. ನಕ್ಕವರು ಈಗ ಮೀಟಿಂಗಿನಲ್ಲಿ "ನಮ್ಮ ಮಾಡೆಲ್" ಅಂತಾರೆ. ಇರಲಿ.

ಕಾನೂನು ಹೇಳುವುದು ಇಷ್ಟು. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್, 21ರವರೆಗೆ ಆಫ್ಟರ್‌ಕೇರ್ (ಹೊರಬಂದ ಮೇಲಿನ ನೆರವು), ನಿಯಮದ ಪ್ರಕಾರ ವಿಶೇಷ ಸಂದರ್ಭದಲ್ಲಿ 23ರವರೆಗೆ. ಅದಕ್ಕೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ. ಸಿಕ್ಕರೆ ಒಳ್ಳೆಯದು, ಆದರೆ ಅದನ್ನು ನಂಬಿಕೊಂಡು ಓನರ್‌ಗೆ ಮಾತು ಕೊಡಬೇಡಿ. ನಮಗೆ ಬಂದಾಗೆಲ್ಲ ಐದಾರು ತಿಂಗಳದ್ದು ಒಟ್ಟಿಗೇ ಬಂದಿದೆ. ಓನರ್ ಅಷ್ಟು ದಿನ ಕಾಯಲ್ಲ.

ಇದಕ್ಕೂ ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದ್ದೆವು. ದೊಡ್ಡ ಮನೆ ಹಿಡಿದು ಹತ್ತು ಹುಡುಗರನ್ನು ಇಟ್ಟೆವು. ಒಬ್ಬ ವಾರ್ಡನ್, ಒಬ್ಬರು ಅಡುಗೆಯವರು. ತಿಂಗಳಿಗೆ 80 ಸಾವಿರದ ಹತ್ತಿರ ಹೋಗುತ್ತಿತ್ತು. ಹುಡುಗರು ಊಟದ ಬೆಲ್‌ಗೆ ಕಾಯುವರು. ಸೋಪು ಮುಗಿದರೆ ವಾರ್ಡನ್‌ಗೆ ಹೇಳುವರು. ಗೇಟಿನಾಚೆ ಹೋಗಲು ಪರ್ಮಿಷನ್. ಬಾಲಮಂದಿರವೇ ಮುಂದುವರಿದ ಹಾಗಾಯಿತು. 21 ಆದ ದಿನ ಅದೇ ಹುಡುಗ, ಅದೇ ಟ್ರಂಕ್, "ಸಾರ್, ಈಗ ಎಲ್ಲಿಗೆ ಹೋಗ್ಲಿ?" ಎರಡು ವರ್ಷ ಎಳೆದು, 18–19 ಲಕ್ಷ ಕಳೆದು ಮುಚ್ಚಿದೆವು.

ಆಮೇಲೆ ಹೊಸ ಲೆಕ್ಕ ಹಾಕಿದೆವು. ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಕಡೆ ಫ್ಯಾಕ್ಟರಿಗಳ ಹತ್ತಿರ ಒಂದು ರೂಮು, ಅಡುಗೆಮನೆ, ಬಚ್ಚಲು ಇರುವ ಮನೆಗೆ ಆಗ ಐದೂವರೆ ಸಾವಿರ ಬಾಡಿಗೆ, 45–50 ಸಾವಿರ ಅಡ್ವಾನ್ಸ್. ಒಂದು ಮನೆಗೆ ಇಬ್ಬರು. ಮೊದಲ ಮೂರು ತಿಂಗಳ ಬಾಡಿಗೆ ಪೂರ್ತಿ ನಮ್ಮದು, ಮುಂದಿನ ಮೂರು ತಿಂಗಳು ಅರ್ಧ. ಆಮೇಲೆ ಅವರೇ ಕಟ್ಟಬೇಕು. ಅಡ್ವಾನ್ಸ್ ಸಾಲಕ್ಕೆ ಏಳನೇ ತಿಂಗಳಿಂದ ತಲಾ ಒಂದು ಸಾವಿರ. ತೀರಿದ ಮೇಲೆ ಆ ಅಡ್ವಾನ್ಸ್ ಅವನದೇ, ಮನೆ ಬಿಟ್ಟಾಗ ಓನರ್ ಅವನಿಗೇ ವಾಪಸ್ ಕೊಡಬೇಕು. ಹುಡುಗರನ್ನು ಹಿಡಿದು ನಿಲ್ಲಿಸಿದ್ದು ಇದೇ ಮಾತು. ಜೀವನದಲ್ಲಿ ಮೊದಲ ಸಲ ಅವರ ಹೆಸರಲ್ಲಿ 25 ಸಾವಿರ ಎಲ್ಲೋ ಇದೆ! ಬಂದ ಕಂತು ಮುಂದಿನವರ ಅಡ್ವಾನ್ಸ್‌ಗೆ ಹೋಗುತ್ತದೆ. ಪಾತ್ರೆ, ಹಾಸಿಗೆ, ಒಲೆ ಎಲ್ಲ ಸೇರಿ ಒಬ್ಬರಿಗೆ ನಮಗೆ ತಗಲುವುದು 22–24 ಸಾವಿರ. ಆ ದೊಡ್ಡ ಮನೆಯಲ್ಲಿ ಮೂರೇ ತಿಂಗಳಿಗೆ ಅಷ್ಟಾಗುತ್ತಿತ್ತು.

ಮೂಲಧನ ಸುಮಾರು ನಾಲ್ಕು ಲಕ್ಷ. ಕಂಪನಿಗಳ ಸಿಎಸ್‌ಆರ್ (ಸಮಾಜಸೇವೆಯ ನಿಧಿ) ನವರು ಕೊಡಲಿಲ್ಲ. ಅಡ್ವಾನ್ಸ್ ಮೇಲೆ ಬೋರ್ಡ್ ಎಲ್ಲಿ ಹಾಕೋದು, ಅಲ್ವಾ? ಕೊಟ್ಟವರು ನಾಲ್ಕೈದು ಜನ ನಿವೃತ್ತರು.

ದುಡ್ಡಿಗಿಂತ ಕಷ್ಟ ಓನರ್‌ಗಳದ್ದು. ಬ್ಯಾಚುಲರ್ಸ್‌ಗೆ ಕೊಡಲ್ಲ ಅನ್ನುವವರನ್ನು ಬಿಡಿ, ಅದು ಎಲ್ಲರಿಗೂ ಇರುವುದೇ. ನಮ್ಮ ಹುಡುಗರಿಗೆ ಎರಡನೇ ಪ್ರಶ್ನೆಯೇ ಗುಂಡಿ: "ನೀವು ಯಾವ ಜನ?" ಒಬ್ಬ ಹುಡುಗ ನಿಜವಾಗಿ "ಗೊತ್ತಿಲ್ಲ ಆಂಟಿ" ಎಂದ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬಿಡಪ್ಪ, ಗೊತ್ತಿಲ್ಲ ಅಂತ ಯಾಕೆ ಸುಳ್ಳು?" ಎಂದು ಬಾಗಿಲು ಹಾಕಿಕೊಂಡರು. ಈಗ ನಾವೇ ಮೊದಲು ಹೋಗಿ ಎಲ್ಲ ಹೇಳಿ ಬರುತ್ತೇವೆ, ಹುಡುಗ ಹೋಗುವುದು ಆಮೇಲೆ. ಯಾವ ಓನರ್ ಒಪ್ಪುತ್ತಾರೆ ಅಂತ ನನಗೆ ಗೇಟಿನಲ್ಲೇ ಗೊತ್ತಾಗುತ್ತದೆ. ಹೇಗೆ ಅಂತ ಬರೆದರೆ ನಾಳೆ ನೀವೇ ನಮ್ಮ ಏರಿಯಾದಲ್ಲಿ ರೂಮು ಹಿಡಿದಿರುತ್ತೀರಿ, ಆದ್ದರಿಂದ ಅದು ನನ್ನ ಹತ್ತಿರವೇ ಇರಲಿ.

ಅಡುಗೆ ಕಲಿಸುವುದು ಬೇಡ ಅಂದುಕೊಂಡಿದ್ದೆವು. ಬಾಲಮಂದಿರದ ಅಡುಗೆಮನೆಯಲ್ಲಿ ಕೈ ಪಳಗಿದ ಹುಡುಗರು ಇದ್ದರಲ್ಲ. ಅವರಿಗೆ ಗೊತ್ತಿದ್ದದ್ದು ಅರವತ್ತು ಜನರ ಸಾರು. ಇಬ್ಬರಿಗೆ ಮಾಡು ಅಂದರೆ ಒಬ್ಬ ಬೇಳೆ ಸರಿಯಾಗಿ ಹಾಕಿ, ಉಪ್ಪು ಮಾತ್ರ ಅಭ್ಯಾಸದಂತೆ ಹಿಡಿ ತುಂಬ ಸುರಿದ. ಅಂಗಡಿಯಲ್ಲಿ ಕಾಲು ಕೆಜಿ ಕೇಳಬಹುದು ಅನ್ನುವುದೇ ಕೆಲವರಿಗೆ ಹೊಸದು. ಬೀಗ ಹಾಕುವ ಅಭ್ಯಾಸ ಇಲ್ಲದೆ ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಳ್ಳುವವರು ಇದ್ದೇ ಇರುತ್ತಾರೆ. ಒಂದು ಕೀ ಪಕ್ಕದ ಮನೆಯಲ್ಲಿ ಇಡಿಸಿ. ಮಾತುಕತೆಗೂ ದಾರಿಯಾಗುತ್ತದೆ.

ಗ್ಯಾಸ್‌ಗೆ ವಿಳಾಸದ ಕಾಟ. ಕನೆಕ್ಷನ್ ಬರುವವರೆಗೆ 5 ಕೆಜಿಯ ಛೋಟು ಸಿಲಿಂಡರ್ ಸಾಕು, ಗುರುತಿನ ಚೀಟಿ ಇದ್ದರೆ ಕೊಡುತ್ತಾರೆ. ನಡುವೆ ಇಂಡಕ್ಷನ್ ಒಲೆ ಪ್ರಯೋಗವೂ ಮಾಡಿದೆವು. ಓನರ್‌ಗಳು ಸಬ್‌ಮೀಟರ್ ಇಟ್ಟು ಯೂನಿಟ್‌ಗೆ ಹತ್ತರಂತೆ ಕೇಳಿದರು, ಪ್ರಯೋಗ ಅಲ್ಲಿಗೇ ಮುಗಿಯಿತು. ಮನೆಗೆ ಬೇರೆ ಮೀಟರ್ ಇದೆಯಾ ನೋಡಿ. ಇದ್ದರೆ ಗೃಹಜ್ಯೋತಿಗೆ ಬಾಡಿಗೆದಾರನೂ ಅರ್ಜಿ ಹಾಕಬಹುದು. ಬ್ಯಾಂಕಿನ ಕೆಲಸ ಮಾತ್ರ 18ಕ್ಕೆ ಮುಂಚೆಯೇ ಶುರು ಮಾಡಿ. ಮೈನರ್ ಖಾತೆಗೆ 18 ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೇಳುತ್ತಾರೆ. ಮೊದಲ ಸಂಬಳ ಬಂದ ದಿನವೇ ಖಾತೆ ನಿಂತಿದ್ದರೆ ಹುಡುಗ ನಮ್ಮನ್ನೇ ಬೈಯುತ್ತಾನೆ.

ಇನ್ನೊಂದು ಪ್ರಯೋಗ ಚೀಟಿ. ಹಳೇ ಹುಡುಗರು ಹತ್ತು ಜನ, ತಿಂಗಳಿಗೆ ಸಾವಿರ. ಮೊದಲ ಸುತ್ತು ಚೆನ್ನಾಗಿಯೇ ನಡೆಯಿತು. ಎರಡನೇ ಸುತ್ತಲ್ಲಿ ಮೊದಲು ಎತ್ತಿದವನು ಊರು ಬಿಟ್ಟ. ನಿಲ್ಲಿಸಿದೆವು. ಆದರೆ ಚೀಟಿ ನೆಪದಲ್ಲಿ ತಿಂಗಳಿಗೊಮ್ಮೆ ಸೇರುತ್ತಿದ್ದರಲ್ಲ, ಆ ಸೇರುವುದು ನಿಂತಿಲ್ಲ. ದೀಪಾವಳಿಗೆ ಫ್ಯಾಕ್ಟರಿ ರಜೆ, ಎಲ್ಲರೂ ಊರಿಗೆ. ಇವರೆಲ್ಲ ಒಂದೇ ರೂಮಿಗೆ ಬಂದು ಅಡುಗೆ ಮಾಡುತ್ತಾರೆ. ಅರವತ್ತು ಜನರ ಸಾರು ಮಾಡುವವನಿಗೆ ಅವತ್ತು ಬೆಲೆ.

ಹುಡುಗಿಯರಿಗೆ ರೂಮು ಬೇಗ ಸಿಗುತ್ತದೆ. ಆದರೆ ಬೀದಿಯೆಲ್ಲ ಕಾವಲು. ಕೆಲವರು ಅದಕ್ಕೇ ಬೇಸತ್ತು ಪಿಜಿಗೆ ಹೋದರು. ನಾನು ತಡೆಯಲಿಲ್ಲ.

ದುಡ್ಡು ಜಾಸ್ತಿ ನುಂಗಿದ್ದು ಹುಡುಗರಲ್ಲ, ಪೇಂಟಿಂಗ್. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅಂತ ಮುರಿದುಕೊಳ್ಳುವುದು ವಾಡಿಕೆ, ಸರಿ. ಒಬ್ಬರು ಪೇಂಟಿಂಗ್, ನಲ್ಲಿ, ಕಿಟಕಿ ಗಾಜು ಅಂತ 20 ಸಾವಿರ ಮುರಿದರು. ಗೋಡೆಗೆ ಹೊಡೆದದ್ದು ಸುಣ್ಣ. ಈಗ 11 ತಿಂಗಳ ಕರಾರಿನಲ್ಲೇ ಮುರಿಯುವ ಮೊತ್ತ ಬರೆಸುತ್ತೇವೆ. ಮನೆ ಹಿಡಿದ ದಿನವೇ ಹುಡುಗ ಫೋನಿನಲ್ಲಿ ಪ್ರತಿ ಗೋಡೆ, ಪ್ರತಿ ನಲ್ಲಿಯ ವಿಡಿಯೋ ಮಾಡಿ ಓನರ್‌ಗೇ ವಾಟ್ಸಾಪ್ ಮಾಡುತ್ತಾನೆ. ಆಮೇಲೆ ಜಗಳ ಅರ್ಧಕ್ಕರ್ಧ ಕಡಿಮೆ ಆಗಿದೆ.

ಬೆಂಗಳೂರಿನಲ್ಲಿ ಈ ಲೆಕ್ಕ ಕೂರುವುದಿಲ್ಲ, ಅಲ್ಲಿನ ಅಡ್ವಾನ್ಸ್‌ಗೆ ನಮ್ಮ ನಿಧಿ ಸಾಲದು. ಅಲ್ಲಿ ಕೆಲಸ ಸಿಕ್ಕವರನ್ನು ಸದ್ಯ ಪಿಜಿಗೇ ಕಳಿಸುತ್ತಿದ್ದೇವೆ. ನಿಮ್ಮಲ್ಲಿ ಯಾರಾದರೂ ಅಲ್ಲಿ 50 ಸಾವಿರದೊಳಗೆ ಇಬ್ಬರಿಗೆ ಮನೆ ಮಾಡಿಸಿಕೊಟ್ಟಿದ್ದರೆ ತಿಳಿಸಿ, ಬಂದು ನೋಡುತ್ತೇನೆ. ಗೇಟಿನ ಗುಟ್ಟು ಆಗ ಹೇಳಿಕೊಡುವೆ.